ಅಪ್ಪನ ಕ್ಯಾಮೆರಾದೊಳಗೆ ಅಪ್ಪನನ್ನು ತರಲು ಮೂರು ರೀಲು

ದಿನ 1: ಲೆಕ್ಕ

ಶುರುವಾಗಿದ್ದು ಒಂದು ಲೆಕ್ಕದಿಂದ. ಮನೆಯ ನಾಲ್ಕು ಹಳೆ ಆಲ್ಬಂ ಸುಮ್ನೆ ತಿರುವಿ ಹಾಕುತ್ತಾ, ಅಪ್ಪ ಎಷ್ಟು ಫೋಟೋದಲ್ಲಿ ಇದ್ದಾರೆ ಅಂತ ಎಣಿಸಿದೆ. ಆರು. ಅದರಲ್ಲೂ ಎರಡರಲ್ಲಿ ತಲೆ ಅರ್ಧಕ್ಕೆ ಹಾರಿಹೋಗಿದೆ. ಆ ಎರಡನ್ನೂ ತೆಗೆದದ್ದು ಅಮ್ಮ. "ಅವರು ಅಷ್ಟುದ್ದ ಇದ್ರೆ ನಾನೇನು ಮಾಡ್ಲಿ" ಅನ್ನುವುದು ಅಮ್ಮನ ವಾದ. ಮಿಕ್ಕ ಎಲ್ಲ ಫೋಟೋಗಳಲ್ಲೂ ಅಪ್ಪ ಕ್ಯಾಮೆರಾದ ಹಿಂದೆ.

ಕಾರಣ ಅಪ್ಪನ ಕ್ಯಾಮೆರಾ ಬ್ಯಾಗು ತೆರೆದಾಗ ಗೊತ್ತಾಯಿತು. ಕ್ಯಾಮೆರಾ ಪೆಂಟ್ಯಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಮಾಡೆಲ್. ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಾಗುವುದು ಲೈಟ್ ಮೀಟರ್‌ಗೆ ಮಾತ್ರ. ಇದರಲ್ಲಿ ಸೆಲ್ಫ್ ಟೈಮರ್ ಇಲ್ಲ. ಗುಂಡಿ ಒತ್ತುವವರು ಫೋಟೋದಿಂದ ಹೊರಗೆ, ಅಷ್ಟೇ.

ಆಲ್ಬಂ ಹಿಂದಿನ ಕವರಿನಲ್ಲಿ ನೆಗೆಟಿವ್ ಪಟ್ಟಿಗಳಿದ್ದವು. ಒಂದರಲ್ಲಿ 14ನೇ ಫ್ರೇಮ್‌ನಲ್ಲಿ ಅಕ್ಕನ ಮುಂದಿನ ಹಲ್ಲು ಇಲ್ಲ. 17ನೇ ಫ್ರೇಮ್ ಹೊತ್ತಿಗೆ ಹಲ್ಲು ಬಂದಿದೆ. ನಡುವಿನ ಎರಡರಲ್ಲಿ ನಾನು, ತೊಟ್ಟಿಲಲ್ಲಿ. ಒಂದು ರೀಲನ್ನು ಅಪ್ಪ ಅರ್ಧ ವರ್ಷ ಎಳೆಯುತ್ತಿದ್ದರು. ನಾನು ಒಂದು ಮಧ್ಯಾಹ್ನಕ್ಕೆ ಫೋನಿನಲ್ಲಿ ಅಷ್ಟು ತೆಗೆದು, ಆಮೇಲೆ ಒಂದನ್ನೂ ನೋಡುವುದಿಲ್ಲ.

ಗುರಿ: ಇದೇ ಕ್ಯಾಮೆರಾದಲ್ಲಿ ಮನೆಮಂದಿಯ ಒಂದು ಕಪ್ಪು-ಬಿಳುಪು ಫೋಟೋ. ಅಪ್ಪ ಒಳಗಿರಬೇಕು. ನಾನೂ ಇರಬೇಕು. ರೀಲು ಮನೆಯಲ್ಲೇ ತೊಳೆಯಬೇಕು, ಅಂದರೆ ಕೆಮಿಕಲ್ ಹಾಕಿ ಚಿತ್ರ ಮೂಡಿಸಬೇಕು.

ಕ್ಯಾಮೆರಾದ ಸ್ಥಿತಿ: ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಬೀಳುತ್ತದೆ. ರೀಲು ತಿರುಗಿಸುವ ಲಿವರ್ ನಯವಾಗಿದೆ. ಮೀಟರ್ ಮುಳ್ಳು ಅಲ್ಲಾಡುವುದಿಲ್ಲ. ಹಿಂಬಾಗಿಲ ಅಂಚಿನ ಫೋಮ್ ಕರಗಿ ಟಾರಿನಂತಾಗಿದೆ. ಇದು ಆ ಕಾಲದ ಹೆಚ್ಚುಕಮ್ಮಿ ಎಲ್ಲ ಕ್ಯಾಮೆರಾಗಳ ಕಥೆ. ವಯಸ್ಸಾದ ಫೋಮ್ ಹೀಗೇ ಆಗುತ್ತದೆ, ಬೆಳಕು ಸೋರುತ್ತದೆ. 50 ಮಿ.ಮೀ. ಲೆನ್ಸಿನ ಒಳಗೆ ಅಂಚಿನಲ್ಲಿ ಸ್ವಲ್ಪ ಮಸುಕು ಇದೆ. ಅದನ್ನು ಬಿಚ್ಚುವ ಧೈರ್ಯ ಇಲ್ಲ, ಬಿಚ್ಚಲೂ ಇಲ್ಲ.

ದಿನ 2: ಕೆರೆಯುವ ಕೆಲಸ

ಸಾಮಾನು: ಬಿದಿರಿನ ಟೂತ್‌ಪಿಕ್, ಇಯರ್ ಬಡ್, ಐಸೊಪ್ರೊಪೈಲ್ ಆಲ್ಕೋಹಾಲ್, ಗಾಳಿ ಊದುವ ರಬ್ಬರ್ ಬ್ಲೋವರ್, ಮಾಸ್ಕಿಂಗ್ ಟೇಪ್, ಒಂದು ನಾಣ್ಯ.

ಮೊದಲು ಬ್ಯಾಟರಿ. ತಳದ ಮುಚ್ಚಳ ನಾಣ್ಯದಿಂದ ತಿರುಗಿಸಿದರೆ ಬರುತ್ತದೆ. ಒಳಗೆ ಬಿಳಿ ಹುಡಿ ಕಟ್ಟಿತ್ತು. ಬ್ಯಾಟರಿ ಸೋರಿದೆ ಅಂತ ಅರ್ಥ. ಬಡ್ ತುದಿಗೆ ವಿನೆಗರ್ ಹಾಕಿ ತಿಕ್ಕಿದೆ, ಮೇಲೆ ಆಲ್ಕೋಹಾಲ್‌ನಿಂದ ಒರೆಸಿದೆ. ಹೊಸ ಎಲ್‌ಆರ್44 ಬ್ಯಾಟರಿ ಹಾಕಿದ ಕೂಡಲೇ ಮುಳ್ಳು ಎದ್ದಿತು. ಫೋನಿನ ಮೀಟರ್ ಆ್ಯಪ್ ಜೊತೆ ಹೋಲಿಸಿದರೆ ಅರ್ಧ ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು). ಸಾಕು. ಒಂದು ವಿಷಯ ನೆನಪಿಡಬೇಕು: ಈ ಮೀಟರ್‌ಗೆ ಸ್ವಿಚ್ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿ ಕತ್ತಲು ಮಾಡುವುದೇ ಸ್ವಿಚ್. ಮುಚ್ಚಳ ಮರೆತರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ.

ಆಮೇಲೆ ಫೋಮ್. ಶಟರ್ ಪರದೆ ಬಟ್ಟೆಯದು, ಅದಕ್ಕೆ ಅಂಟು ತಾಗಿದರೆ ಮುಗಿಯಿತು. ಹಾಗಾಗಿ ಅದರ ಮುಂದೆ ಕಾಗದ ಕತ್ತರಿಸಿ ಟೇಪ್ ಹಚ್ಚಿದೆ. ಮೇಲೆ ಕೆಳಗೆ ಬಾಗಿಲ ಅಂಚು ಕೂರುವ ಎರಡು ಕಿರಿದಾದ ಕಾಲುವೆ, ಬಾಗಿಲ ಕೀಲಿನ ಪಕ್ಕ, ಇನ್ನೊಂದು ತುದಿಯಲ್ಲಿ ಚಿಲಕದ ಪಕ್ಕ. ಎರಡು ಗಂಟೆ ಹಿಡಿಯಿತು. ಬಡ್‌ಗಳ ಲೆಕ್ಕ 40ರ ಹತ್ತಿರ ಬಿಟ್ಟುಬಿಟ್ಟೆ.

ತಪ್ಪು 1. ಲೆನ್ಸಿನ ಹಿಂದಿನ ಕನ್ನಡಿ ಮೇಲೆದ್ದಾಗ ಬಡಿಯುವ ಜಾಗದಲ್ಲೂ ಒಂದು ಫೋಮ್ ಇದೆ. ಅದನ್ನು ಕೆರೆಯುವಾಗ ಕಪ್ಪು ಚೂರೊಂದು ಪಕ್ಕದ ಫೋಕಸಿಂಗ್ ಸ್ಕ್ರೀನ್ (ಕಣ್ಣಿಟ್ಟಾಗ ಚಿತ್ರ ಕಾಣುವ ಹಾಳೆ) ಮೇಲೆ ಬಿತ್ತು. ಊದಿ ಬಿಡಬೇಕಿತ್ತು. ನಾನು ಒದ್ದೆ ಬಡ್‌ನಿಂದ ಒರೆಸಿದೆ. ಆ ಸ್ಕ್ರೀನ್ ಪ್ಲಾಸ್ಟಿಕ್ಕಿನದು. ಕಪ್ಪು ಅಂಟು ಸವರಿಕೊಂಡು, ಮೇಲೆ ಒಂದು ಗೀರೂ ಬಿತ್ತು. ಫೋಟೋದಲ್ಲಿ ಅದು ಬರುವುದಿಲ್ಲ. ಆದರೆ ಇನ್ನು ಯಾವತ್ತು ಕಣ್ಣಿಟ್ಟರೂ ಬಲಗಡೆ ಕಾಣುತ್ತದೆ.

ದಿನ 3: ಹೊಸ ಫೋಮ್

ಕೈಯಲ್ಲಿ ಇದ್ದದ್ದು 3 ಮಿ.ಮೀ. ದಪ್ಪದ ಅಂಟು ಹಾಳೆ. ದಪ್ಪ ಜಾಸ್ತಿ ಇದ್ದರೆ ಬೆಳಕು ಇನ್ನೂ ಚೆನ್ನಾಗಿ ತಡೆಯುತ್ತದೆ ಅಂದುಕೊಂಡೆ. ಬಾಗಿಲು ಮುಚ್ಚಲೇ ಇಲ್ಲ. ಒತ್ತಿ ಹಿಡಿದರೆ ಚಿಲಕ ಬೀಳುತ್ತದೆ, ಬಿಟ್ಟರೆ ಟಪ್ಪನೆ ತೆರೆಯುತ್ತದೆ. ಎಲ್ಲ ಕಿತ್ತೆ. ಕಾಲುವೆಗಳಿಗೆ 1.5 ಮಿ.ಮೀ., ಕೀಲು ಮತ್ತು ಚಿಲಕದ ಕಡೆಗೂ ಅದೇ 1.5. ಕೀಲಿನ ಕಡೆ 2 ಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಕನ್ನಡಿಯ ಮೇಲಿನದಕ್ಕೆ ಮಾತ್ರ ಆ 3 ಮಿ.ಮೀ. ಸರಿಹೋಯಿತು.

ಅಂಟು ಪಟ್ಟಿಯನ್ನು 2 ಮಿ.ಮೀ. ಅಗಲಕ್ಕೆ ಕತ್ತರಿಸಿ ಕಾಲುವೆಗೆ ಇಳಿಸುವಾಗ ಅದು ಹಾವಿನಂತೆ ಸುತ್ತಿಕೊಂಡು ಬೇಡದ ಕಡೆ ಹಿಡಿಯುತ್ತದೆ. ಇದಕ್ಕೆ ಉಪಾಯ: ಅಂಟಿನ ಮೇಲೆ ಒಂದು ಹನಿ ನೀರು ಸವರುವುದು. ಕೆಲವು ನಿಮಿಷ ಅಂಟು ಹಿಡಿಯುವುದಿಲ್ಲ. ಟೂತ್‌ಪಿಕ್‌ನಿಂದ ನಿಧಾನವಾಗಿ ಕೂರಿಸಬಹುದು. ಒಣಗಿದ ಮೇಲೆ ತಾನೇ ಹಿಡಿದುಕೊಳ್ಳುತ್ತದೆ.

ದಿನ 4: ಶಟರ್ ಪರೀಕ್ಷೆ

ಬಾಗಿಲು ತೆರೆದು, ಲೆನ್ಸ್ ತೆಗೆದು, ಕಿಟಕಿಗೆ ಹಿಡಿದು ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೋ ತೆಗೆದೆ. ಬೆಳಕು ಕಾಣುವ ಫ್ರೇಮ್‌ಗಳನ್ನು ಎಣಿಸುವುದು. ಶಟರ್ ವೇಗ 1/30, ಅಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗ, ಇಟ್ಟರೆ 8 ಫ್ರೇಮ್ ಬರಬೇಕು. 10 ಬಂತು. ಅಂದರೆ ನಿಜದಲ್ಲಿ 1/24. ಮೂರು ಸಲ ಮಾಡಿದರೂ ಅಷ್ಟೇ. 1/60 ಸರಿಯಾಗಿ 4 ಬಂತು. ಅದಕ್ಕಿಂತ ವೇಗದ್ದನ್ನು ಈ ವಿಧಾನದಲ್ಲಿ ಅಳೆಯಲು ಆಗುವುದಿಲ್ಲ.

ನಾನು ವಿಡಿಯೋ ಎಣಿಸುತ್ತಾ ಕೂತಿದ್ದೆ. ಅಪ್ಪ ಆಚೆ ಕೋಣೆಯಿಂದ, "ಮೂವತ್ತು ಎಳೀತಾ ಇದೆ, ಅಲ್ವಾ?" ಅಂದರು. ಸದ್ದು ಕೇಳಿಯೇ ಹೇಳಿದ್ದು. ಕೇಳಿದರೆ, ಎಷ್ಟು ಸಲ ಆ ಸದ್ದು ಕೇಳಿಲ್ಲ ಅಂದರು.

ದಿನ 6: ಮೊದಲ ರೀಲು

ಟೆಸ್ಟ್ ರೀಲು ಒಂದು ಹಾಕಬೇಕಿತ್ತು. ಹಾಕಲಿಲ್ಲ. ಅಕ್ಕ, ಭಾವ, ಅವರ ಮಗಳು ಪುಟ್ಟಿ ಎಲ್ಲ ಬಂದಿದ್ದರು, ಅಜ್ಜಿಯೂ ಒಳ್ಳೆ ಮೂಡಿನಲ್ಲಿದ್ದರು. ಈಗಲ್ಲದೆ ಇನ್ನು ಯಾವಾಗ ಅಂತ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್ ಹಾಕಿದೆ. ಐಎಸ್‌ಒ 400, 36 ಫೋಟೋ.

ಎಲ್ಲರನ್ನೂ ಒಬ್ಬೊಬ್ಬರಾಗಿ, ಜೋಡಿಯಾಗಿ, ಗುಂಪಾಗಿ ತೆಗೆದೆ. ಕೌಂಟರ್ 36 ದಾಟಿ 38ಕ್ಕೆ ಹೋಯಿತು. ಎರಡು ಫೋಟೋ ಪುಕ್ಕಟೆ ಸಿಕ್ಕಿತು ಅಂತ ಖುಷಿಪಟ್ಟೆ. ವಾಪಸ್ ಸುತ್ತುವಾಗ ಬಿಗಿಯೇ ಇರಲಿಲ್ಲ. ಅದಕ್ಕೂ ಖುಷಿಪಟ್ಟೆ, ಎಷ್ಟು ನಯವಾಗಿದೆ ಅಂತ.

ದಿನ 7: ಮೊದಲ ತೊಳೆತ

ತೊಳೆಯುವ ಟ್ಯಾಂಕಿನ ಸುರುಳಿಗೆ ಫಿಲ್ಮ್ ಏರಿಸುವುದನ್ನು ಅಭ್ಯಾಸ ಮಾಡದೆ ಸೀದಾ ಬೆಳಕು ಬಾರದ ಚೇಂಜಿಂಗ್ ಬ್ಯಾಗಿಗೆ ಕೈಹಾಕಿದೆ. ಹತ್ತು ನಿಮಿಷಕ್ಕೆ ಕೈ ಬೆವರಿತು. ಫಿಲ್ಮ್ ನಡುವೆ ಸಿಕ್ಕಿಕೊಂಡಿತು. ದೂಡಿದೆ. ದೂಡಬಾರದು.

ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಐಡಿ-11, ಸಮ ಪ್ರಮಾಣದ ನೀರು ಬೆರೆಸಿ, ಅಂದರೆ 150 ಮಿ.ಲೀ.ಗೆ 150. ಇದಕ್ಕೆ 20 ಡಿಗ್ರಿಯಲ್ಲಿ 13 ನಿಮಿಷ. ನನ್ನ ನೀರು 24 ಡಿಗ್ರಿ ಇತ್ತು, ಹಾಗಾಗಿ 9 ನಿಮಿಷ. ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ತಲೆಕೆಳಗು ಮಾಡಿ, ಟ್ಯಾಂಕನ್ನು ಮೇಜಿಗೆ ಕುಟ್ಟಿದೆ, ಗುಳ್ಳೆ ಬಿಡಲಿ ಅಂತ. ಆಮೇಲೆ ಪ್ರತಿ ನಿಮಿಷದ ಶುರುವಿನಲ್ಲಿ ನಾಲ್ಕು ಸಲ. ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ 10 ಸೆಕೆಂಡ್. ರ‍್ಯಾಪಿಡ್ ಫಿಕ್ಸರ್ (ಚಿತ್ರವನ್ನು ಸ್ಥಿರ ಮಾಡುವ ದ್ರಾವಣ) ಒಂದಕ್ಕೆ ನಾಲ್ಕು ನೀರು, 5 ನಿಮಿಷ. ನಂತರ ನೀರು ತುಂಬಿ 5 ಸಲ ತಿರುವಿ ಚೆಲ್ಲುವುದು, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ.

ಮುಚ್ಚಳ ತೆರೆದೆ. ಫಿಲ್ಮ್ ಉದ್ದಕ್ಕೂ ಗಾಜಿನಂತೆ ಖಾಲಿ. ಅಲ್ಲಲ್ಲಿ ಉಗುರಿನ ಅರ್ಧಚಂದ್ರದಂತಹ ಕಪ್ಪು ಗುರುತು. ಅದು ನಾನು ದೂಡಿದ್ದಕ್ಕೆ. ಬೇರೇನೂ ಇಲ್ಲ.

ಕೆಮಿಕಲ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ಆದರೆ ಅಂಚಿನಲ್ಲಿ ಫಿಲ್ಮಿನ ಹೆಸರು, 1, 2, 3 ನಂಬರುಗಳು ಕಪ್ಪಾಗಿ ಸ್ಪಷ್ಟವಾಗಿದ್ದವು. ಅವನ್ನು ಫ್ಯಾಕ್ಟರಿಯಲ್ಲೇ ಬೆಳಕಿನಿಂದ ಅಚ್ಚು ಹಾಕಿರುತ್ತಾರೆ. ಅವು ಮೂಡಿವೆ ಅಂದರೆ ತೊಳೆದದ್ದು ಸರಿ. ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಅಂಚೂ ಖಾಲಿ ಇದ್ದಿದ್ದರೆ ತಪ್ಪು ಡೆವಲಪರಿನದು. ಖಾಲಿ ರೀಲು ಬಂದಾಗ ಮೊದಲು ನೋಡಬೇಕಾದ್ದು ಇದು.

ಅಪ್ಪನಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು. "ರಿವೈಂಡ್ ನಾಬ್ ತಿರುಗ್ತಾ ಇತ್ತೇನೋ?"

ತಪ್ಪು 2. ನೋಡಿರಲಿಲ್ಲ. ಫಿಲ್ಮಿನ ತುದಿ ಅದನ್ನು ಸುತ್ತಿಕೊಳ್ಳುವ ಸ್ಪೂಲಿನ ಸೀಳಿನಿಂದ ಜಾರಿದೆ. ರೀಲು ಇದ್ದ ಜಾಗದಲ್ಲೇ ಇದ್ದಿದೆ. ಲಿವರ್ ಎಳೆದಾಗೆಲ್ಲ ಕೌಂಟರ್ ಮಾತ್ರ ಓಡಿದೆ. ಫಿಲ್ಮ್ ನಿಜಕ್ಕೂ ಸರಿಯುತ್ತಿದ್ದರೆ ಎಡಗಡೆಯ ನಾಬ್ ಪ್ರತಿ ಸಲ ಹಿಂದಕ್ಕೆ ತಿರುಗಬೇಕು. ಅಜ್ಜಿ ನಕ್ಕ ಫೋಟೋ, ಪುಟ್ಟಿ ಭಾವನ ಹೆಗಲೇರಿದ ಫೋಟೋ, ಎಲ್ಲ ನನ್ನ ತಲೆಯಲ್ಲಿ ಮಾತ್ರ ಇವೆ.

ಆ ಖಾಲಿ ಫಿಲ್ಮ್ ಬಿಸಾಡಲಿಲ್ಲ. ಸುರುಳಿಗೆ ಏರಿಸುವ ಅಭ್ಯಾಸಕ್ಕೆ ಇಟ್ಟುಕೊಂಡೆ. ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ, ಕೊನೆಗೆ ಬ್ಯಾಗಿನೊಳಗೆ, ಒಟ್ಟು ಇಪ್ಪತ್ತು ಸಲವಾದರೂ ಏರಿಸಿದ್ದೇನೆ. ಎರಡು ಪಾಠ: ಸುರುಳಿ ಪೂರ್ತಿ ಒಣಗಿರಬೇಕು, ಫಿಲ್ಮಿನ ಮೂಲೆಗಳನ್ನು ಸ್ವಲ್ಪ ದುಂಡಗೆ ಕತ್ತರಿಸಬೇಕು.

ದಿನ 13: ಎರಡನೇ ರೀಲು

ಎಲ್ಲರೂ ಮತ್ತೆ ಬಂದರು. ಭಾವ, "ಈ ಸಲ ರೀಲು ಹಾಕಿದ್ದೀಯಾ?" ಅಂದರು. ಈ ಪ್ರಶ್ನೆ ಇನ್ನು ಹತ್ತು ವರ್ಷ ಇರುತ್ತದೆ ಅಂತ ಕಾಣುತ್ತದೆ.

ಮೊದಲು ಅಜ್ಜಿಯದು, ಕಿಟಕಿ ಪಕ್ಕ. ಎಫ್ 2.8 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು), 1/60. ಅಜ್ಜಿ ಫೋಟೋಕ್ಕೆ ಕೂತರೆ ಉಸಿರು ಹಿಡಿಯುತ್ತಾರೆ. ಗಲ್ಲ ಎತ್ತಿ, ಕೈ ಮಡಿಲಲ್ಲಿಟ್ಟು, ಕಲ್ಲಾಗಿ ಬಿಡುತ್ತಾರೆ. ಶಟರ್ ಬಿದ್ದ ಸದ್ದಾದ ಮೇಲೆ ಉಸಿರು ಬಿಡುತ್ತಾರೆ. ಆಗ ಭುಜ ಇಳಿಯುತ್ತದೆ, ಮುಖ ಸಡಿಲವಾಗುತ್ತದೆ. ಇದು ಗೊತ್ತಾದ ಮೇಲೆ ಒಂದು ತೆಗೆದು, ಕಣ್ಣು ಕ್ಯಾಮೆರಾದಿಂದ ಎತ್ತದೆ ಲಿವರ್ ಎಳೆದು, ಉಸಿರು ಬಿಡುವಾಗ ಇನ್ನೊಂದು ತೆಗೆದೆ. ಅಜ್ಜಿಯ ಒಂದು ಫೋಟೋಗೆ ಎರಡು ಫ್ರೇಮ್ ಲೆಕ್ಕ. ಮೊದಲನೆಯದೂ ದಂಡವಲ್ಲ. ಆ ಬಿಗಿ ಮುಖವೇ ಆಲ್ಬಂನ ಅಜ್ಜಿ.

ಪುಟ್ಟಿಯದು ಉಲ್ಟಾ. ಫೋನಿಗೆ ಅಭ್ಯಾಸವಾದವಳು, ಕ್ಯಾಮೆರಾ ಎತ್ತುವ ಮೊದಲೇ ನಗು ಸಿದ್ಧ ಇರುತ್ತದೆ. ನಾನು ಮೀಟರ್ ಮುಳ್ಳು ಸರಿಮಾಡಿ, ಫೋಕಸ್ ತಿರುಗಿಸುವಷ್ಟರಲ್ಲಿ ಅವಳಿಗೆ ಸಾಕಾಗಿ ನಗು ಇಳಿಯುತ್ತದೆ. ಮುಖ ಅವಳದೇ ಆಗುತ್ತದೆ. ಆಗ ಒತ್ತಿದೆ. ನನ್ನ ನಿಧಾನ ಕೆಲಸಕ್ಕೆ ಬಂದದ್ದು ಇಲ್ಲಿ ಮಾತ್ರ.

ಗುಂಪು ಫೋಟೋ ಒಳಗೇ ತೆಗೆದೆ. ಮುಂದೆ ಅಜ್ಜಿ, ಅಮ್ಮ, ಅಕ್ಕ ಕುರ್ಚಿಯಲ್ಲಿ, ಹಿಂದೆ ಅಪ್ಪ, ಭಾವ ನಿಂತು. ಪುಟ್ಟಿ ಅಲ್ಲಾಡುತ್ತಾಳೆ ಅಂತ 1/125 ಬೇಕಿತ್ತು. ಬೆಳಕು ಸಾಲದೆ ಲೆನ್ಸ್ ಎಫ್ 2ಕ್ಕೆ ಪೂರ್ತಿ ತೆರೆದೆ. ಅಂತರ 3 ಮೀಟರ್, ಫೋಕಸ್ ಅಜ್ಜಿಯ ಕಣ್ಣಿಗೆ.

ದಿನ 14: ಬಂದದ್ದು

ಈ ಸಲ ಫೋಟೋ ಬಂದವು! ಫಿಲ್ಮ್ ನೇತುಹಾಕಿ ಕೆಳಗೆ ಕ್ಲಿಪ್ಪಿನ ಭಾರ ಕಟ್ಟಿ, ಎರಡು ಗಂಟೆ ಯಾರನ್ನೂ ಆ ಕೋಣೆಗೆ ಬಿಡಲಿಲ್ಲ, ಧೂಳು ಏಳುತ್ತದೆ ಅಂತ. ಒಣಗಿದ ಮೇಲೆ ಎಲ್‌ಇಡಿ ಪ್ಯಾನೆಲ್ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಿಂದ ತೆಗೆದು, ಕಪ್ಪು-ಬಿಳುಪು ಅದಲುಬದಲು ಮಾಡಿ ನೋಡಿದೆ.

ಅಜ್ಜಿಯ ನಾಲ್ಕೂ ಚೆನ್ನಾಗಿವೆ. ಹೊರಗೆ ಬಿಸಿಲಲ್ಲಿ 1/1000ದಲ್ಲಿ ತೆಗೆದ ಎರಡರ ಒಂದು ಅಂಚು ಕಪ್ಪಾಗಿದೆ. ಶಟರ್ ಪರದೆಗಳು ಆ ವೇಗಕ್ಕೆ ಹೊಂದಿಕೆ ತಪ್ಪಿವೆ. ಅದನ್ನು ರಿಪೇರಿ ಮಾಡಲು ಹೋಗುವುದಿಲ್ಲ, 1/500ಕ್ಕೆ ನಿಲ್ಲಿಸುತ್ತೇನೆ.

ತಪ್ಪು 3. ಗುಂಪು ಫೋಟೋದಲ್ಲಿ ಮುಂದಿನ ಸಾಲು ಸ್ಪಷ್ಟ. ಹಿಂದಿನ ಸಾಲು ಮಸುಕು. ಲೆಕ್ಕ ಹಾಕಿ ನೋಡಿದೆ, ನಾಚಿಕೆಯಾಯಿತು. 50 ಮಿ.ಮೀ. ಲೆನ್ಸ್, ಎಫ್ 2, 3 ಮೀಟರ್ ಅಂದರೆ 2.8ರಿಂದ 3.2 ಮೀಟರ್ ವರೆಗೆ ಮಾತ್ರ ಸ್ಪಷ್ಟ. ಹಿಂದಿನವರು ಮುಕ್ಕಾಲು ಮೀಟರ್ ಹಿಂದೆ ನಿಂತಿದ್ದರು. ಏಳನೇ ಸಲ ಫೋಟೋದಲ್ಲಿ ಬಂದ ಅಪ್ಪನಿಗೆ ಈ ಸಲ ತಲೆ ಇದೆ, ಮುಖ ಇಲ್ಲ. "ನನ್ನದೇ ವಾಸಿ" ಅಂದರು ಅಮ್ಮ.

ಇನ್ನೊಂದು: ಸುಮಾರು ಹತ್ತು ಫ್ರೇಮ್‌ಗಳಲ್ಲಿ ಎಡ ಅಂಚಿನಲ್ಲಿ ಬೆಳಕಿನ ಪಟ್ಟಿ. ನೆಗೆಟಿವ್‌ನಲ್ಲಿ ಕಪ್ಪು, ಫೋಟೋದಲ್ಲಿ ಬಿಳಿ. ಕ್ಯಾಮೆರಾ ಬಿಸಿಲಲ್ಲಿ ತುಂಬ ಹೊತ್ತು ಇದ್ದಾಗಿನ ಫ್ರೇಮ್‌ಗಳಲ್ಲಿ ಜಾಸ್ತಿ. ಎಲ್ಲೋ ಇನ್ನೂ ಸೋರುತ್ತಿದೆ.

ದಿನ 15ರಿಂದ 17: ಎಡ ಯಾವುದು, ಬಲ ಯಾವುದು

ತಪ್ಪು 4. ಪಟ್ಟಿ ಫೋಟೋದ ಎಡಗಡೆ ಇದೆ, ಹಾಗಾದರೆ ಕ್ಯಾಮೆರಾದ ಎಡಗಡೆ, ಅಂದರೆ ಚಿಲಕದ ಕಡೆ ಸೋರುತ್ತಿದೆ ಅಂತ ತೀರ್ಮಾನಿಸಿದೆ. ಒಂದು ಸಂಜೆ ಕೂತು ಚೆನ್ನಾಗಿದ್ದ ಫೋಮ್ ಕಿತ್ತು ಹೊಸದು ಹಾಕಿದೆ. ಅಪ್ಪನ ಬ್ಯಾಗಿನಲ್ಲಿ ಅವಧಿ ಮುಗಿದ, ಡಬ್ಬಿ ತೆರೆಯದ ಒಂದು ರೀಲು ಇತ್ತು. ಅದನ್ನು ಪರೀಕ್ಷೆಗೆ ಬಳಸಿ, ಐದು ಫೋಟೋ ತೆಗೆದು, ಒಂದೊಂದರ ನಡುವೆ ಹತ್ತು ನಿಮಿಷ ಬಿಸಿಲಿಗಿಟ್ಟೆ. ಬ್ಯಾಗಿನೊಳಗೆ ಆ ತುಂಡನ್ನು ಮಾತ್ರ ಕತ್ತರಿಸಿ ತೊಳೆದೆ. ಪಟ್ಟಿ ಹಾಗೇ ಇದೆ.

ಆಗ ಹೊಳೆಯಿತು. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಫಿಲ್ಮ್ ಮೇಲೆ ಹಾಕುತ್ತದೆ. ಫೋಟೋದ ಎಡ ಅಂದರೆ, ಹಿಂದಿನಿಂದ ನೋಡಿದಾಗ ಕ್ಯಾಮೆರಾದ ಬಲ. ಅಲ್ಲಿರುವುದು ಕೀಲು. ನಾನು ಜಿಪುಣತನ ಮಾಡಿ 1.5 ಮಿ.ಮೀ. ಹಾಕಿದ ಜಾಗ! ಕಿತ್ತು 2 ಮಿ.ಮೀ. ಹಾಕಿದೆ. ಉಳಿದ ಫಿಲ್ಮಿನ ಇನ್ನೊಂದು ತುಂಡಿನಲ್ಲಿ ಮತ್ತೆ ಬಿಸಿಲ ಪರೀಕ್ಷೆ. ಪಟ್ಟಿ ಇಲ್ಲ.

ದಿನ 20: ಮೂರನೇ ರೀಲು

ಸೆಲ್ಫ್ ಟೈಮರ್ ಇಲ್ಲದ್ದಕ್ಕೆ ಏರ್ ರಿಲೀಸ್ ತರಿಸಿದ್ದೆ. 6 ಮೀಟರ್ ರಬ್ಬರ್ ನಳಿಕೆ, ಒಂದು ತುದಿಯಲ್ಲಿ ಒತ್ತುವ ಬುರುಡೆ, ಇನ್ನೊಂದು ತುದಿಯಲ್ಲಿ ಪುಟ್ಟ ಕೊಳವೆ. ಆ ಕೊಳವೆಯನ್ನು ಶಟರ್ ಗುಂಡಿಯ ಒಳಗಿನ ತಿರುಪಿಗೆ ತಿರುಗಿಸಿ ಕೂರಿಸುವುದು. ಬುರುಡೆ ಒತ್ತಿದರೆ ಗಾಳಿ ಹೋಗಿ ಸೂಜಿ ಇಳಿದು ಗುಂಡಿ ಒತ್ತುತ್ತದೆ.

ಈ ಸಲ ಹೊರಗೆ, ನೆರಳಿನಲ್ಲಿ. ಎಫ್ 8, 1/125, 3 ಮೀಟರ್. 2.3ರಿಂದ 4.2 ಮೀಟರ್ ವರೆಗೆ ಸ್ಪಷ್ಟ ಸಿಗುತ್ತದೆ, ಎರಡು ಸಾಲಿಗೆ ಧಾರಾಳ. ಕ್ಯಾಮೆರಾ ಟ್ರೈಪಾಡ್ ಮೇಲೆ. ರೀಲು ಹಾಕಿ, ಫಿಲ್ಮಿನ ಸಡಿಲ ಬಿಗಿಮಾಡಿ, ನಾಬ್ ತಿರುಗುವುದನ್ನು ಎಲ್ಲರಿಗೂ ಸಾಕ್ಷಿ ಸಮೇತ ತೋರಿಸಿದೆ. ಅಪ್ಪ ಮುಂದಿನ ಸಾಲಿನ ನಡುವೆ, ಅಜ್ಜಿ ಮತ್ತು ಅಮ್ಮನ ಮಧ್ಯೆ.

ಬುರುಡೆ ಅಜ್ಜಿಯ ಕೈಗೆ ಕೊಟ್ಟೆ. ಒತ್ತಿದರು, ಏನೂ ಆಗಲಿಲ್ಲ. ಇಷ್ಟುದ್ದ ನಳಿಕೆಯಲ್ಲಿ ಗಾಳಿ ತಳ್ಳಲು ಬಲ ಬೇಕು. ಅಮ್ಮ ಎರಡು ಕೈಯಿಂದ ಒತ್ತಿದರು. ಶಟರ್ ಬಿತ್ತು, ಆದರೆ ಅಮ್ಮನ ಮುಖ ಬಾವಿ ನೀರು ಸೇದುವವರ ಥರ ಆಗಿತ್ತು. ಕೊನೆಗೆ ಅಪ್ಪ ಅದನ್ನು ಪಾದದ ಕೆಳಗೆ ಇಟ್ಟುಕೊಂಡರು. ತುಳಿದು ಅರ್ಧ ಸೆಕೆಂಡ್ ಆದ ಮೇಲೆ ಶಟರ್ ಬೀಳುತ್ತದೆ.

ಇನ್ನೊಂದು ತೊಂದರೆ ಯೋಚಿಸಿರಲಿಲ್ಲ. ಪ್ರತಿ ಫೋಟೋ ಆದ ಮೇಲೆ ಯಾರಾದರೂ ಹೋಗಿ ಲಿವರ್ ಎಳೆಯಬೇಕು. ಅದು ನಾನೇ. ಓಡಿಹೋಗಿ ಎಳೆದು, ಓಡಿಬಂದು ಭಾವನ ಪಕ್ಕ ನಿಲ್ಲುವುದು. ಐದು ಸಲ.

ದಿನ 21

ಐದೂ ಬಂದಿವೆ. ಬೆಳಕಿನ ಪಟ್ಟಿ ಇಲ್ಲ, ಎರಡೂ ಸಾಲು ಸ್ಪಷ್ಟ. ಐದರಲ್ಲೂ ನಾನು ಏದುಸಿರು ಬಿಡುತ್ತಿದ್ದೇನೆ. ಐದರಲ್ಲೂ ರಬ್ಬರ್ ನಳಿಕೆ ಅಪ್ಪನ ಕಾಲಿನಿಂದ ಹೊರಟು ನೆಲದ ಮೇಲೆ ಸುತ್ತಿಕೊಂಡು ಫೋಟೋದ ಕೆಳ ಅಂಚಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಅಳಿಸುತ್ತೇನೆ ಅಂದೆ. ಅಜ್ಜಿ ಬೇಡ ಅಂದರು.

ಅಪ್ಪ ಯಾವುದರಲ್ಲೂ ಲೆನ್ಸ್ ಕಡೆ ಪೂರ್ತಿ ನೋಡಿಲ್ಲ. ಮುಖ ಈಚೆಗಿದೆ, ತಲೆ ಮಾತ್ರ ಸ್ವಲ್ಪ ಒಂದು ಪಕ್ಕಕ್ಕೆ ವಾಲಿದೆ. ಮೊದಲು ಅರ್ಥವಾಗಲಿಲ್ಲ. ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ತುಳಿದ ಮೇಲಿನ ಆ ಅರ್ಧ ಸೆಕೆಂಡ್, ಅವರು ಶಟರ್ ಸದ್ದಿಗೆ ಕಿವಿಗೊಟ್ಟಿದ್ದಾರೆ.

ಬಾಕಿ ಇರುವುದು: ಮೂರನೇ ಫ್ರೇಮ್‌ನ ಪ್ರಿಂಟ್ ಹಾಕಿಸಬೇಕು. 1/30 ಎಳೆಯುವುದು ಹಾಗೇ ಇದೆ. ಸ್ಕ್ರೀನಿನ ಗೀರೂ ಇದೆ. ನಾಲ್ಕನೇ ರೀಲು ಹಾಕಿದ್ದೇನೆ, ಕೌಂಟರ್ 7ರಲ್ಲಿದೆ. ಪುಟ್ಟಿಯ ಮುಂದಿನ ಹಲ್ಲು ಅಲ್ಲಾಡುತ್ತಿದೆಯಂತೆ. ಅವಸರವೇನಿಲ್ಲ, ಇನ್ನೂ 29 ಇವೆ.